ಗುರುವಾರದ ಮಾಳಿಗೆ

ಸಾವಿರ ಬೀಡಿಯಲ್ಲಿ ಅರವತ್ತು ಛಾಟು ತೆಗೆದು
ಮುರಿದು ಬುಟ್ಟಿಗೆ ಒಗೆವ ಚೆಕ್ಕರನಿಗೆ
ನಮ್ಮ ಶಾವಂತ್ರಕ್ಕ ಬರೀ ನೂರಾ ಹನ್ನೆರಡು.
ಮನೆಯಲ್ಲಿ, ಏ.

ಸೋಲಾಪುರದ ಸೈಕಲ್ ದುಕಾನಿನ ಮಾಳಿಗೆಯಲ್ಲಿ
ಗುರುವಾರ ಗುರುವಾರ ಬಿಳಿ ಸೀರೆಯ ತಾಯಿ
ಈ ಯುಗ ಮುಳುಗುತ್ತದೆ ಅನ್ನುತ್ತಾಳೆ.
ಮಂದಿ ಮೂವತ್ತು,
ಹಡಗೂ ಮೂವತ್ತಕ್ಕೇ ಸಾಕಂತೆ.
ಅಕ್ಕನ ಬೆಂಡೋಲೆ ಆಗಲೇ ಹಡಗು ಹತ್ತಿವೆ.

ಬೈದು ಎಳೆದು ತರಲು ಹೋದೆ.
ತಂಬಾಕಿನ ಘಾಟು ಬಿಡದ ಆ ಬೆರಳುಗಳನ್ನು
ಒಂದೊಂದೇ ಹಿಡಿದು ಯಾರೋ ಎಣ್ಣೆ ತಿಕ್ಕುತ್ತಿದ್ದರು,
ಮೂಗು ಮುಚ್ಚಿಕೊಳ್ಳದೆ.

ಬೆಂಡೋಲೆ ಎಲ್ಲಿ ಅನ್ನಲು ಬಾಯಿ ತೆರೆದೆ.
'ಕೂಡು ಯವ್ವಾ, ಹೆಸರೇನು?'
ಹೇಳಿದೆ.
ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂದರು.
ಇನ್ನೊಮ್ಮೆ ಹೇಳಿದೆ, ಅಪ್ಪನ ಹೆಸರೂ ಸೇರಿಸಿ.

ಕೆಳಗೆ ದುಕಾನಿನಲ್ಲಿ
ಟ್ಯೂಬು ನೀರಿಗೆ ಅದ್ದಿ
ತೂತು ಹುಡುಕುತ್ತಿದ್ದರು.