ಹಿತ್ತಾಳೆಯ ಬುಷ್

ನೆಲಿದಾಳ ಟ್ಯಾಕ್ಸಿಯ ಗೇರಿನ ಕೋಲು
ಹಾಲುಹಲ್ಲು: ಎತ್ತ ತಳ್ಳಿದರೂ ಅತ್ತ.
ಎರಡೋ ನಾಲ್ಕೋ, ಅಂಗೈಗೇ ಗುಮಾನಿ.
ವಾಲ್ಪರೈಸೊದ ಏರುಗಳಲ್ಲಿ
ಹಿಂದಿನವನ ಹಾರ್ನು ಕೇಳುತ್ತ
ಹದಿನಾರು ವರ್ಷ ಎಡಮಂಡಿ ಸವೆಯಿತು.

ಎವರಿಸ್ತೊ ಕಾರಿನಡಿ ಮಲಗಿ
ಸತ್ತ ರಬ್ಬರನ್ನು ಉಗುರಲ್ಲಿ ಕೆರೆದು
ಹಿತ್ತಾಳೆ ಕೂರಿಸಿದ, ಕೋಲನ್ನು ಮೋಟು ಮಾಡಿದ,
ಕ್ಲಚ್ಚಿನ ಹಳೇ ಎಣ್ಣೆ ಬಸಿದ, ಕರೀ ಕಾಫಿ.
"ಈಗ ನೋಡು" ಅಂದ, ಕೈ ಒರೆಸುತ್ತ.

ಟಕ್.
ಎರಡು ಎರಡೇ.
ಪೆಡಲು ಕಚ್ಚುವ ಜಾಗ
ಕಾಲ ಹೆಬ್ಬೆರಳಿಗೇ ಗೊತ್ತು.

ಆದರೆ ಕೋಲಿನ ತುದಿಯಲ್ಲಿ ಸಣ್ಣ ನಡುಕ:
ರಬ್ಬರು ಇಷ್ಟು ದಿನ ನುಂಗಿಕೊಂಡದ್ದೆಲ್ಲ
ಇಂಜಿನ್ನು ಈಗ ಒಂದೊಂದಾಗಿ ಒಪ್ಪಿಸುತ್ತಿದೆ.
ಏರಿನ ನಡುವೆ ಕೆಂಪು ದೀಪ.
ಅವಳು ರೇಡಿಯೋ ಆರಿಸಿದಳು.
"ಸರಿ, ಹೇಳು ಮಾರಾಯ್ತಿ."