ಗುರೆಳ್ಳ ಹಿಂಡಿ

ಹನ್ನೊಂದು ವರ್ಷ ಹಡರ್ಸ್‌ಫೀಲ್ಡಿನಾಗ
ಕರಿ ಎಳ್ಳು ಹುರದು, ಇದ ಗುರೆಳ್ಳು ಅಂತ
ನಾಲಿಗಿಗೆ ಸುಳ್ಳು ಹೇಳಕೋತ ಬಂದೆ.
ನಾಲಿಗಿ ನಂಬಲಿಲ್ಲ. ಸುಮ್ಮನಿತ್ತು ಅಷ್ಟ,
ಬೀಗರ ಮನ್ಯಾಗ ಉಪ್ಪು ಕಡಿಮಿ ಆದ್ರೂ
ಉಂಡು ಏಳೂ ಮಂದಿ ಹಂಗ.

ಬಾಜೂ ಮನಿ ಥೆಲ್ಮಾ ಹಾರ್ಸ್‌ಫಾಲ್ ನವೆಂಬರದಾಗ
ಜಾರಿ ಬಿದ್ದು ಬಲಗೈ ಮಣಕಟ್ಟು ಮುರಕೊಂಡ್ಲು.
ಪ್ಲಾಸ್ಟರ್ ಕೈ ಗ್ವಾಡಿ ಮ್ಯಾಲಿಟ್ಟು
"ನನ್ನ ಹಕ್ಕಿಗೆ ಕಾಳು ಹಾಕ್ತೀಯೇನು?" ಅಂದ್ಲು.

ಆಕಿ ಶೆಡ್ಡಿನಾಗ ಎರಡು ಕಿಲೋದ ಚೀಲ.
ಕತ್ರಿ ಸಿಗಲಿಲ್ಲ, ಹಲ್ಲಿಲೆ ಹರದೆ.
ಸಣ್ಣಗ, ಉದ್ದಕ, ಕರ್ರಗ,
ಈಗ ಎಣ್ಣಿ ಹಚ್ಚಿ ಬಾಚಿದ ಕೂದಲಿನ ಹೊಳಪು.
ಒಂದು ಕಾಳು ತಾನ ಬಾಯಾಗ ಬಂತು.
ಎರಡನೇದು ಬೇಕಂತನ ತಿಂದೆ.
ಆಮ್ಯಾಲ ಚೀಲ ಅವಚಿಕೊಂಡು ಕುಂಡಿ ಮ್ಯಾಲ ಕೂತಬಿಟ್ಟೆ,
ಹುಲ್ಲು ಕತ್ತರಿಸೂ ಮಶೀನಿನ ಬಾಜೂಕ.

ಚೀಲದ ಮ್ಯಾಲ ದೊಡ್ಡ ಅಕ್ಷರದಾಗ ಬರದಿತ್ತು:
ಕಾಡು ಹಕ್ಕಿಗಳಿಗೆ. ಮನುಷ್ಯರು ತಿನ್ನೂದಕ್ಕಲ್ಲ.

ಅವು ಬಂದ್ವು. ಗೋಲ್ಡ್‌ಫಿಂಚ್ ಅಂತ ಹೆಸರು.
ಮಾರಿಗೆ ಬ್ಯಾಡಗಿ ಮೆಣಸಿನಕಾಯಿ ಒರಸಿಕೊಂಡು,
ರೆಕ್ಕಿಗೆ ಅರಿಷಿಣ ಬಡಕೊಂಡು,
ಹಿಂಡಿ ಕುಟ್ಟೂದು ಅರ್ಧಕ್ಕ ಬಿಟ್ಟು
ಜಗಳಕ್ಕ ಎದ್ದು ಬಂದ ನೆಗೆಣ್ಯಾರ ಹಂಗ.

"ಥೆಲ್ಮಾ, ನಂಗೊಂದು ಬಟ್ಟಲಾ ಕೊಡು."
"ನಿನ್ನ ಹಿತ್ತಲಕ್ಕೂ ಹಕ್ಕಿ ಬರ್ತಾವೇನು?"
"ಇಲ್ಲ. ನಾನ ಹಕ್ಕಿ."

ಆರಿಸಿದೆ. ಮೂರು ಸಲ ತೊಳದೆ.
ರೇಡಿಯೇಟರ್ ಮ್ಯಾಲ ಹಳೆ ದುಪ್ಪಟ್ಟಾ ಹಾಸಿ ಒಣಗಿಸಿದೆ.
ದಪ್ಪ ತಳದ ಬಾಣಲಿ, ಸಣ್ಣ ಉರಿ.
ಮೊದಲು ಏನೂ ಇಲ್ಲ.
ಆಮ್ಯಾಲ ಒಂದು ಚಟ್.
ಆಮ್ಯಾಲ ಇಡೀ ಓಣಿಗೆ ಸುದ್ದಿ ಹಬ್ಬಿಧಂಗ ಚಟಚಟ ಚಟಚಟ,
ಒಂದು ಹಾರಿ ನನ್ನ ಜಂಪರಿನಾಗ ಬಿತ್ತು.
ಜೀರಗಿ, ಸಿಪ್ಪಿ ಸಮೇತ ಬಳ್ಳೊಳ್ಳಿ, ಉಪ್ಪು, ಒಣಖಾರ,
ಉಗುರಿನಷ್ಟು ಹುಣಸಿಹಣ್ಣು.
ಬೆಲ್ಲ ಹಾಕಬೇಕು ಅಂತಿದ್ಲು ನಮ್ಮವ್ವ,
ಮುಟ್ಟಬ್ಯಾಡ ಅಂತಿದ್ಲು ನಮ್ಮತ್ತಿ.
ಇಬ್ಬರೂ ಇಲ್ಲದ ಅಡಗಿಮನ್ಯಾಗ ಯಾಕೋ ಹಿಂದ ಮುಂದ ನೋಡಿ
ಒಂದು ಚಿಟಿಕಿ ಹಾಕಿದೆ.
ಕಾಫಿ ಬೀಜದ ಮಿಕ್ಸರಿನಾಗ ನಿಂದರಿಸಿ ನಿಂದರಿಸಿ ತಿರುವಿದೆ.
ಅವಸರ ಮಾಡಿದ್ರ ಎಣ್ಣಿ ಬಿಟ್ಟು ಮುದ್ದಿ ಆಗತೈತಿ,
ಹಿಂಡಿ ಅನ್ನೂದು ಉಸಿರಾಡಬೇಕು.

ತುಂಬೂದು ಯಾವುದಕ್ಕ?
ಇಲ್ಲೀ ಬದನಿಕಾಯಿ ಒಂದೊಂದು ಬೂಟಿನಷ್ಟು.
ಥೆಲ್ಮಾನ ಪಟ್ಟಿಯೊಳಗ ಸ್ಪ್ರೌಟ್ಸ್ ಇದ್ವು,
ಗೋಲಿಗುಂಡಿನಂಥಾ ಕೋಸು, ಮಂಜು ಕುಡದು ಬಿಗಿಯಾಗಿದ್ವು.
ಚೂರಿ ಹಿಡ್ಯಾಕ ಆಕಿಗೆ ಕೈ ಇಲ್ಲ. ನಾ ಕೂತೆ.
"ತಳಕ್ಕ ಕತ್ರಿಗುರುತು ಹಾಕು" ಅಂದ್ಲು.
"ಯಾಕ?"
"ಒಳಗಿನ ದೆವ್ವ ಹೊರಗ ಹೋಗಲಿ ಅಂತ.
ನಮ್ಮಮ್ಮ ಹಂಗ ಅಂತಿದ್ಲು."

ಚೂರಿ ಕೈಯಾಗ ನಿಂತಿತು.
ಅದ ಕೊಯ್ತ! ತೊಟ್ಟು ಬಿಡಧಂಗ ನಾಕು ಸೀಳು,
ಎಣಗಾಯಿಗೆ ನನ್ನ ಕೈ ಕಲ್ತದ್ದು ಅದ.
ಅವರು ಕೊಯ್ಯೂದು ಒಳಗಿನದು ಹೊರಗ ಹೋಗಲಿ ಅಂತ,
ನಾವು ಕೊಯ್ಯೂದು ಹೊರಗಿನದು ಒಳಗ ಬರಲಿ ಅಂತ.
ಚೂರಿ ಇನ್ನೊಂದೀಟು ಕೆಳಗ ಇಳಿಸಿದೆ.

ಮೊದಲನೇದಕ್ಕ ಥೆಲ್ಮಾ ಕೆಮ್ಮಿದ್ಲು.
ಎರಡನೇದಕ್ಕ ಮೂಗು ಸೋರಿತು.
"ದೆವ್ವ ಇದರಾಗ ಇನ್ನೂ ಐತಿ," ಅಂದು
ನಾಕನೇದು ತಗೊಂಡ್ಲು.

ಹೋಗೂ ಮುಂದ ಒಂದು ಬಾಟ್ಲಿ ಕೇಳಿದ್ಲು, ಪಾರ್ಸ್ನಿಪ್ಪಿಗೂ ಆದೀತು ಅಂತ.
ಜಾಮಿನ ಬಾಟ್ಲಿ ತೊಳದು ತುಂಬಿ ಕೊಟ್ಟೆ.
ಆಕಿ ಪೆನ್ಸಿಲ್ ಎಡಗೈಯಾಗ ಹಿಡಕೊಂಡು,
ನಾಲಿಗಿ ಹೊರಗ ಹಾಕಿ, ಒಂದನೇತ್ತಾ ಹುಡುಗೀ ಹಂಗ
ಚೀಟಿ ಬರದು ಹಚ್ಚಿದ್ಲು:
ತರಕಾರಿಗೆ.
ಹಕ್ಕಿಗಳಿಗಲ್ಲ.