ಅರ್ಧ ಇಂಚು

ಬುಧವಾರ ನಮ್ಮಲ್ಲಿ ಮಕ್ಕಳ ವಾರ.
ಗದಗಿನ ಹಳೇ ಕಚೇರಿ; ಫ್ಯಾನು ತಿರುಗಿದರೆ
ಕಾಗದ ಹಾರುತ್ತವೆ, ನಿಲ್ಲಿಸಿದರೆ ಜನ ಬೇಯುತ್ತಾರೆ.
ನಾನು ಬರೆದುಕೊಳ್ಳುವವಳು. ಹೆಸರು, ವಯಸ್ಸು,
ಸಿಕ್ಕ ಜಾಗ, ಸಿಕ್ಕ ಹೊತ್ತು.
ಮಕ್ಕಳು ಇಲ್ಲಿ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆಗಳ ಹಾಗೆ,
ಸಿಗುತ್ತಾರೆ.

ತುಳಜಾ ವಿಠ್ಠಲಸಾ ಕಬಾಡಿ,
ಹದಿನೈದು ತುಂಬಿ ನಾಲ್ಕು ತಿಂಗಳು,
ಬೆಟಗೇರಿಯ ಪ್ರೆಸ್ಸಿನಲ್ಲಿ, ರಾತ್ರಿ ಹನ್ನೊಂದೂಕಾಲಿಗೆ,
ಕಟಿಂಗ್ ಮಷೀನಿನ ಮುಂದೆ.
ಹೆಬ್ಬೆರಳಿಗೆ ಒಣಗಿದ ಅಂಟಿನ ಪದರು.
ಒಂಬತ್ತನೇತ್ತೆ ಪಾಸು; ಹತ್ತಕ್ಕೆ ಹೆಸರು ಹಚ್ಚಿಲ್ಲ.

"ನನ್ನ ಮಗಳು, ನನ್ನ ಅಂಗಡಿ," ಎಂದ ಅಪ್ಪ,
"ಕೈಕೆಲಸ ಕಲಿಸೋದು ಗುನ್ಹೇ ಏನ್ರಿ?
ನಮ್ಮಪ್ಪ ನನಗ ಏಳನೇ ವರ್ಷಕ್ಕ ಮೊಳಿ ಜೋಡಸಾಕ ಹಚ್ಚಿದ್ದ."
"ಹದಿನೆಂಟರ ತನಕ ನಿಮ್ಮಾಕಿ ಅಷ್ಟಽ ಅಲ್ಲ," ಎಂದರು ಇಲಾಖೆಯವರು,
"ಸರಕಾರದ ಮಗಳೂ ಹೌದು.
ಬಾಲಮಂದಿರದಾಗ ಇಟ್ಟು ಸಾಲಿ ಕಲಿಸ್ತೇವಿ."
ಸೀರೆಯ ಎರಡು ತುದಿ ಇಬ್ಬರು ಹಿಡಿದು
ಬೆಳಕಿಗೆ ನೋಡುವಂತೆ
ನೋಡುತ್ತಿದ್ದರು ಅವಳನ್ನು.
ಅವಳು ನೋಡುತ್ತಿದ್ದುದು ನನ್ನ ಕೈಯ ಫಾರ್ಮು.

ಕಲಂ ಹನ್ನೊಂದು: ಮಗುವಿನ ಅಭಿಪ್ರಾಯ.
ಅದಕ್ಕಿರುವ ಜಾಗ ಅರ್ಧ ಇಂಚು.
ಮೊದಲು ಎಷ್ಟಿತ್ತೋ, ನನಗೂ ಲಕ್ಷ್ಯ ಇಲ್ಲ.
ನಾನು ಅದರಲ್ಲಿ ಬರೆಯುವುದು ಯಾವಾಗಲೂ ಎರಡೇ ಮಾತು:
ಒಪ್ಪಿಗೆ ಇದೆ.
ಕೇಳಿಯೇ ಬರೆಯುತ್ತೇನೆ. ಕೇಳುವುದು ಹೀಗೆ: "ಹೂಂ ಅಲ್ಲಽ?"
ಅಳುವ ಕೂಸು ಕತ್ತು ಅಲ್ಲಾಡಿಸಿದರೂ ಅದು ಹೂಂ.

ಮನೆಯಲ್ಲಿ ನನ್ನ ಮಗಳು ಸ್ನಾನಕ್ಕೆ ಹೋದಾಗ
ಅವಳ ಮೊಬೈಲು ತೆಗೆದು ನೋಡುತ್ತೇನೆ.
ನೋಡಿ, ಇದ್ದ ಕೋನದಲ್ಲೇ ತಿರುಗಿ ಇಡುತ್ತೇನೆ.
ಇದು ಇಲ್ಲಿ ಯಾಕೆ ಬಂತೋ.

"ಅಕ್ಕಾರ, ಆ ಜಾಗಾ ಸಣ್ಣದು ಆಗಿದ್ದು ನನ್ನಿಂದ,"
ಎಂದಳು ಹುಡುಗಿ.
"ಈ ಫಾರ್ಮು ನಮ್ಮ ಪ್ರೆಸ್ಸಿಂದು. ಹೋದ ವರ್ಷ.
ಒಂದ ಪಾನಕ್ಕ ಕೂಡ್ರವಲ್ದಾಗಿತ್ತು.
ಯಾವದಾರ ಎರಡು ಗೆರಿ ತಗಿ ಅಂದ ಅಪ್ಪ.
ಸಾಹೇಬರ ಸಹಿ, ಶಿಕ್ಕಾ, ಪಾಲಕರ ಸಹಿ, ಇವನ್ನೆಲ್ಲಾ ತಗ್ಯಾಕ ಬರೂದಿಲ್ಲ.
ಇದರಾಗ ಯಾರೂ ಏನೂ ಬರ್ಯೂದಿಲ್ಲ ಅನಿಸ್ತು. ತಗದೆ."

ವಿಠ್ಠಲಸಾ ನೆಲ ನೋಡಿದ. ಇಲಾಖೆಯವರು ಫ್ಯಾನು ನೋಡಿದರು.
ಅಧ್ಯಕ್ಷೆ ಕನ್ನಡಕ ಒರೆಸಿ, "ಈಗ ಬರೀ," ಎಂದರು, "ನೀನಽ ಬರೀ."

ಅರ್ಧ ಇಂಚು ಒಂದೇ ಸಾಲಿಗೆ ತುಂಬಿತು.
ಚೂಡಿದಾರದ ಕಿಸೆಯಿಂದ ಅವಳು ತೆಗೆದಳು ಪುಟ್ಟ ಪುಸ್ತಕ:
ಲಗ್ನಪತ್ರಿಕೆ ಕೊಯ್ದು ಉಳಿದ ಗುಲಾಬಿ ಪಟ್ಟಿಗಳು,
ತಾನೇ ಹೊಲಿದದ್ದು.
ಒಂದು ಪಟ್ಟಿ ಹರಿದು ಬರೆದಳು:

ಮಷೀನು ನನಗ ಸೇರತೈತಿ. ರಾತ್ರಿ ಪಾಳಿ ಸೇರೂದಿಲ್ಲ.
ಹತ್ತನೇತ್ತೆ ಕಲೀಬೇಕು. ಬಾಲಮಂದಿರ ಒಲ್ಲೆ,
ಅಲ್ಲಿ ಹೊರಗಿಂದ ಕೀಲಿ ಹಾಕ್ತಾರಂತ.
ಅಪ್ಪನ ಮ್ಯಾಲೆ ಕೇಸ ಬ್ಯಾಡ. ಆದರ ಮನಿಗೆ ಹೋದಮ್ಯಾಲೆ
ನನ್ನ ಮ್ಯಾಲೆ ಸಿಟ್ಟಾಗೂದಿಲ್ಲಂತ ಬರಸಕೊಳ್ರಿ.
ಮಾಡಿದ ಕೆಲಸಕ್ಕ ನನ್ನ ಹೆಸರಿಗೆ ಪಗಾರ.
ಅಪ್ಪಣಿ ಅನ್ನೂದರಾಗ ಅಪ್ಪ ಅದಾನ.
ಒಪ್ಪಿಗಿ ಅನ್ನೂದರಾಗ ಯಾರದಾರ, ಹುಡುಕಾಕತ್ತೇನಿ.

"ಕಾಯ್ದೇದಾಗ ಇದಕ್ಕ ಅವಕಾಶ..." ಎಂದು ಶುರುಮಾಡಿದವರು
ಪುಟ ತಿರುವುತ್ತಲೇ ಉಳಿದರು.
ಅಪ್ಪ ಆ ಪಟ್ಟಿ ತೆಗೆದುಕೊಂಡು ಕಿಟಕಿಗೆ ಹಿಡಿದ.
ಅಕ್ಷರ ಅಲ್ಲ, ಅಂಚು ನೋಡಿದ.
"ಕೊಯ್ತ ಸರಳ ಬಂದೈತಿ," ಎಂದ ಮೆಲ್ಲಗೆ.
ಮೆಚ್ಚಿದನೋ, ಸೋತನೋ.

ತೀರ್ಮಾನ ಮುಂದಿನ ಬುಧವಾರಕ್ಕೆ.
ಅಲ್ಲಿತನಕ ಸೋದರತ್ತೆಯ ಮನೆ; ಅದೂ ಅವಳನ್ನು ಕೇಳಿ.
ಪಟ್ಟಿಯನ್ನು ಫಾರ್ಮಿಗೆ ಚುಚ್ಚಿದೆ. ಫೈಲಿಗಿಂತ ಉದ್ದ.
ಕಪಾಟು ಮುಚ್ಚಿದರೂ ಹೊರಗೇ ಉಳಿಯಿತು ಗುಲಾಬಿ ತುದಿ,
ಅದರ ಬೆನ್ನಿಗೆ ಯಾರದೋ ಮದುವೆಯ
ಕೊಯ್ದುಹೋದ ಗಣಪತಿ,
ಒಂದು ಕಿವಿ ಮಾತ್ರ.